ಸಾಲು ಟೇಬಲ್‌ನಲ್ಲಿದೆ, ಕ್ವೆರಿಗೆ ಸಿಗ್ತಿಲ್ಲ: ಇಂಡೆಕ್ಸ್ ಕೆಟ್ಟ ಅನುಭವ ಇದ್ದವರು ಹೇಳಿ

ಡಾಕೆಟ್ ಹುಡುಗ: ಪೋಸ್ಟ್‌ಗ್ರೆಸ್ ಡೇಟಾಬೇಸ್, ಆವೃತ್ತಿ 13. ಸೆಂಟ್‌ಓಎಸ್ 7 ಲಿನಕ್ಸ್‌ನಿಂದ ರಾಕಿ 8 ಲಿನಕ್ಸ್‌ಗೆ ಬೇಸ್‌ಬ್ಯಾಕಪ್ (ಫೈಲ್‌ಗಳ ಪೂರ್ತಿ ಕಾಪಿ) ತಗೊಂಡು, ಸ್ಟ್ಯಾಂಡ್‌ಬೈ (ಹಿಂಬಾಲಿಸುವ ನಕಲು ಸರ್ವರ್) ಮಾಡಿ, ಅದನ್ನೇ ಮುಖ್ಯ ಸರ್ವರ್ ಆಗಿ ಪ್ರಮೋಟ್ ಮಾಡಿದ್ದು. ಈಗ ಡಾಕೆಟ್ ನಂಬರ್ '1-2' ಅಂತ ಈಕ್ವಲ್ ಹಾಕಿದರೆ ಸೊನ್ನೆ ಸಾಲು. ಲೈಕ್‌ನಲ್ಲಿ ಎರಡೂ ಕಡೆ ಪರ್ಸೆಂಟ್ ಹಾಕಿದರೆ ಬರುತ್ತೆ. ಎಲ್ಲ ನಂಬರಿಗೂ ಹೀಗಲ್ಲ. ವ್ಯಾಕ್ಯೂಮ್, ಅನಲೈಜ್ ಅನ್ನೋ ಮಾಮೂಲಿ ನಿರ್ವಹಣೆ ಎಲ್ಲ ಆಯ್ತು. ರೀಇಂಡೆಕ್ಸ್ (ಇಂಡೆಕ್ಸ್ ಹೊಸದಾಗಿ ಕಟ್ಟೋದು) ಸಾಕಾ, ಡಂಪ್ ಹೊಡೆದು ಎಲ್ಲ ಮತ್ತೆ ತುಂಬಬೇಕಾ?

ಬಿಟ್ರೀ ಭಟ್ಟ: ಜಿಲಿಬ್ಸಿ, ಅಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ; ಅಕ್ಷರಗಳ ಹಿಂದುಮುಂದು ಪೋಸ್ಟ್‌ಗ್ರೆಸ್ ಕೇಳೋದು ಇದನ್ನೇ. ಬೇರೆ ಹುಡುಕಬೇಡಿ. ಸೆಂಟ್‌ಓಎಸ್ 7ರಲ್ಲಿ 2.17, ರಾಕಿ 8ರಲ್ಲಿ 2.28. 2018ರಲ್ಲಿ ಬಂದ ಈ 2.28ರಲ್ಲಿ ಅಕ್ಷರ ಜೋಡಿಸುವ ಕ್ರಮವೇ (ಕೊಲೇಶನ್) ಬದಲಾಯ್ತು. ಎರಡೂ ಮಷಿನ್‌ನಲ್ಲಿ 1-1 ಮತ್ತು 11 ಎಂಬ ಎರಡು ಸಾಲನ್ನು ಎಲ್‌ಸಿ_ಕೊಲೇಟ್ ಇಎನ್_ಯುಎಸ್ ಯುಟಿಎಫ್-8 ಇಟ್ಟು ಸಾರ್ಟ್‌ಗೆ ಕೊಡಿ. ಹಳೆಯದರಲ್ಲಿ 11 ಮೊದಲು, ಹೊಸದರಲ್ಲಿ 1-1 ಮೊದಲು.

ಹಳೇ ಇಂಡೆಕ್ಸ್ ಪುಟದಲ್ಲಿ ಸಾಲು ಹೀಗೆ ಕೂತಿದೆ: 11, 1-1, 12, 1-2. ನೀವು 1-2 ಕೇಳ್ತೀರಿ. ನಡುವಿನ 12ರ ಜೊತೆ ಹೋಲಿಕೆ ಆಗುತ್ತೆ. ಹೊಸ ಲೈಬ್ರರಿ ‘1-2 ಚಿಕ್ಕದು, ಎಡಕ್ಕೆ ಹೋಗು’ ಅನ್ನುತ್ತೆ. ಎಡದಲ್ಲಿರೋದು 11, 1-1. ನಿಮ್ಮದು ಕೂತಿರೋದು ಬಲದ ತುದಿಯಲ್ಲಿ. ‘ಇಲ್ಲ’ ಅಂತ ವಾಪಸ್. ಎರಡೂ ಕಡೆ ಪರ್ಸೆಂಟ್ ಹಾಕಿದ ಲೈಕ್ ಈ ಇಂಡೆಕ್ಸ್ ಮರ (ಬಿ-ಟ್ರೀ) ಹತ್ತುವುದೇ ಇಲ್ಲ, ಪೂರ್ತಿ ಟೇಬಲ್ ಓದುತ್ತೆ. ಅದಕ್ಕೇ ಸಿಗುತ್ತೆ.

ಖಾತ್ರಿಗೆ ಎನೇಬಲ್_ಇಂಡೆಕ್ಸ್‌ಸ್ಕ್ಯಾನ್, ಎನೇಬಲ್_ಇಂಡೆಕ್ಸ್‌ಓನ್ಲಿಸ್ಕ್ಯಾನ್, ಎನೇಬಲ್_ಬಿಟ್‌ಮ್ಯಾಪ್‌ಸ್ಕ್ಯಾನ್ ಅನ್ನೋ, ಇಂಡೆಕ್ಸ್ ಬಳಕೆಯ ಮೂರೂ ಸೆಟ್ಟಿಂಗ್ ಆಫ್ ಮಾಡಿ ಅದೇ ಕ್ವೆರಿ ಓಡಿಸಿ; ಸಾಲು ಬಂದರೆ ತಪ್ಪು ಇಂಡೆಕ್ಸಿನದ್ದು. ಒಂದನ್ನೇ ಆಫ್ ಮಾಡಿದರೆ ಪ್ಲಾನರ್ (ಕ್ವೆರಿಯ ದಾರಿ ಆರಿಸುವ ಭಾಗ) ಇನ್ನೊಂದು ಬಾಗಿಲಿಂದ ಅದೇ ಇಂಡೆಕ್ಸ್‌ಗೆ ನುಗ್ಗುತ್ತೆ. ರೀಇಂಡೆಕ್ಸ್ ಬೇಕಿರೋದು ಟೆಕ್ಸ್ಟ್, ವಾರ್‌ಚಾರ್, ಚಾರ್ ಥರದ ಅಕ್ಷರದ ಕಾಲಂಗಳಿಗೆ ಮಾತ್ರ. ಬಿಗ್‌ಇಂಟ್, ಯುಯುಐಡಿ, ಟೈಮ್‌ಸ್ಟ್ಯಾಂಪ್ ಮುಟ್ಟಬೇಡಿ. ಸಿ ಕೊಲೇಶನ್‌ನವು, ಟೆಕ್ಸ್ಟ್_ಪ್ಯಾಟರ್ನ್_ಆಪ್ಸ್ ಹಾಕಿದವು ಬೈಟ್ ಲೆಕ್ಕದವು, ಅವೂ ಬೇಡ.

ಹುಬ್ಬಳ್ಳಿ ಡಿಬಿಎ: ಭಟ್ರ, ಹೇಳೂದು ಬಾಳ ಚಂದ ಐತಿ. ಡಿಸ್ಕ್ ಯಾರ ಕೊಡ್ತಾರ? ನಮ್ಮ ಕಡೆ ಟೇಬಲ್ 310 ಜಿಬಿ, ಇಂಡೆಕ್ಸ್ ಒಂದs 46 ಜಿಬಿ. ರೀಇಂಡೆಕ್ಸ್ ಕನ್‌ಕರೆಂಟ್ಲಿ (ಟೇಬಲ್‌ಗೆ ಬರಿಯೂದು ನಿಲ್ಲಸದ ಕಟ್ಟೂದು) ಅಂದ್ರ ಹಳೇದು ಇರೂತನಕ ಹೊಸಾದೂ ಇರತದ, ಅಂದ್ರ ಇನ್ನೊಂದು 46. ಅಷ್ಟs ವಾಲ್ (ಬದಲಾವಣೆ ದಾಖಲಿಸೂ ಲಾಗ್) ಬ್ಯಾರೆ ಹುಟ್ಟತದ. ಸ್ಟ್ಯಾಂಡ್‌ಬೈ ಸ್ಲಾಟ್ (ಸ್ಟ್ಯಾಂಡ್‌ಬೈ ಓದೂತನಕ ವಾಲ್ ಹಿಡಿದಿಡೂದು) ನಿಂತಿದ್ರ ಆ ವಾಲ್ ಎಲ್ಲಾ ಪಿಜಿ_ವಾಲ್ ಫೋಲ್ಡರ್‌ನ್ಯಾಗs ಗುಡ್ಡೆ. ನಡುವ ಡಿಸ್ಕ್ ತುಂಬಿದ್ರ ಹೆಸರಿನ ತುದಿಗೆ _ಸಿಸಿನ್ಯೂ ಅನ್ನೋ ಅರ್ಧ ಇಂಡೆಕ್ಸ್ ಉಳೀತದ. ಓದಾಕ ಬರೂದಿಲ್ಲ, ಬರಿಯೂ ಖರ್ಚು ಮಾತ್ರ ದಿನಾ ತಿಂತದ. ಡ್ರಾಪ್ ಮಾಡಿ ಮತ್ತ ಮೊದಲಿಂದ. _ಸಿಸಿಓಲ್ಡ್ ಉಳದ್ರ ಕೆಲಸ ಆಗೇದ ಅಂತ ಅರ್ಥ, ಡ್ರಾಪ್ ಅಷ್ಟ ಸಾಕು.

ಮತ್ತ ಯಾವನರ ಒಬ್ಬ ಬಿಗಿನ್ ಹೊಡದು (ಟ್ರಾನ್ಸಾಕ್ಷನ್ ಶುರು ಮಾಡಿ, ಮುಗಿಸದs) ಊಟಕ್ಕ ಹೋಗಿದ್ದಂದ್ರ ಕನ್‌ಕರೆಂಟ್ಲಿ ಆತನ ದಾರಿ ಕಾಯ್ತದ. ಐಡಲ್ ಇನ್ ಟ್ರಾನ್ಸಾಕ್ಷನ್ ಟೈಮ್‌ಔಟ್ ಮೂಲತಃ 0, ಅಂದ್ರ ತಾಸುಗಟ್ಟಲೆ ಕಾದರೂ ಬಿಡೂದಿಲ್ಲ. ಮೊದಲ ಅದನ್ನ ಇಡ್ರಿ. ಮೇಂಟೆನೆನ್ಸ್_ವರ್ಕ್_ಮೆಮ್ (ಇಂಡೆಕ್ಸ್ ಕಟ್ಟಾಕ ಕೊಡೂ ಮೆಮೊರಿ) ಮೂಲತಃ 64 ಎಂಬಿ ಇರತದ, ಆ ಸೆಷನ್‌ಗೆ ಅಷ್ಟs 2 ಜಿಬಿ ಮಾಡ್ರಿ.

ಕಂಟೇನರ್ ಕಾಕಾ: ಇಷ್ಟೆಲ್ಲ ಯಾಕೆ? ಡಾಕರ್ (ಕಂಟೇನರ್) ಇಮೇಜ್ ಬದಲಾದಾಗಲೂ ಇದೇ ಗೋಳು. ಜಿಲಿಬ್ಸಿ 2.31ರಲ್ಲಿ ಮಾಡಿದ ಡೇಟಾಬೇಸ್, ಓಎಸ್‌ನಲ್ಲಿ 2.36 ಇದೆ ಅಂತ ವಾರ್ನಿಂಗ್ ಬರುತ್ತೆ. ಆಲ್ಟರ್ ಡೇಟಾಬೇಸ್ ರಿಫ್ರೆಶ್ ಕೊಲೇಶನ್ ವರ್ಷನ್, ಒಂದೇ ಸಾಲು. ವಾರ್ನಿಂಗ್ ಮಾಯ. ವರ್ಷವಾಯ್ತು, ಒಂದು ಕಂಪ್ಲೇಂಟ್ ಇಲ್ಲ.

ಬಿಟ್ರೀ ಭಟ್ಟ: ಕಾಕಾ, ಅದು ಕ್ಯಾಟಲಾಗ್‌ನಲ್ಲಿ (ಡೇಟಾಬೇಸ್‌ನ ಒಳ ದಾಖಲೆಯಲ್ಲಿ) ಬರೆದಿಟ್ಟ ನಂಬರ್ ತಿದ್ದುತ್ತೆ, ಅಷ್ಟೇ. ಇಂಡೆಕ್ಸ್‌ನ ಒಂದು ಪುಟವನ್ನೂ ಮುಟ್ಟಲ್ಲ. ಆ ವಾರ್ನಿಂಗ್‌ನ ಹಿಂಟ್‌ನಲ್ಲೇ ‘ಮೊದಲು ರೀಬಿಲ್ಡ್ ಮಾಡಿ, ಆಮೇಲೆ ಇದು’ ಅಂತಿದೆ, ಅರ್ಧ ಓದಿ ಬಿಟ್ಟಿದ್ದೀರಿ. ಹೊಗೆ ಕಂಡರೆ ಅಲಾರ್ಮ್ ವೈರ್ ಕೀಳ್ತೀರಾ? ಮೇಲಾಗಿ ಆ ಕಮಾಂಡ್ ಬಂದಿದ್ದೇ ಪೋಸ್ಟ್‌ಗ್ರೆಸ್ 15ರಲ್ಲಿ, ಕೇಳಿದವರದು 13.

ಕಂಟೇನರ್ ಕಾಕಾ: ಕಂಪ್ಲೇಂಟ್ ಇಲ್ಲ ಅಂದೆನಲ್ಲ.

ಬಿಟ್ರೀ ಭಟ್ಟ: ಇಲ್ಲದ ಸಾಲಿನ ಬಗ್ಗೆ ಯಾರು ಕಂಪ್ಲೇಂಟ್ ಕೊಡ್ತಾರೆ?

ಹದಿನಾಲ್ಕು ಪಾಯಿಂಟ್ ಮೂರು: ಎಲ್ಲದಕ್ಕೂ ಜಿಲಿಬ್ಸಿ ಅನ್ನೋ ಚಟ ಬಿಡಿ. ಪೋಸ್ಟ್‌ಗ್ರೆಸ್ 14.0ಯಿಂದ 14.3ರವರೆಗೆ ಓಎಸ್ ಮುಟ್ಟದೆಯೂ ಇಂಡೆಕ್ಸ್‌ನಲ್ಲಿ ಸಾಲು ತಪ್ಪುತ್ತಿತ್ತು. ಕ್ರಿಯೇಟ್ ಇಂಡೆಕ್ಸ್ ಕನ್‌ಕರೆಂಟ್ಲಿ, ರೀಇಂಡೆಕ್ಸ್ ಕನ್‌ಕರೆಂಟ್ಲಿ ಎರಡರಲ್ಲೂ ಬಗ್. ಇಂಡೆಕ್ಸ್ ಕಟ್ಟುವಾಗಲೇ ಟೇಬಲ್ ಅಪ್‌ಡೇಟ್ ಆಗ್ತಿದ್ದರೆ ಕೆಲವು ಸಾಲು ಸೇರುತ್ತಲೇ ಇರಲಿಲ್ಲ. 2022ರ ಜೂನ್‌ನಲ್ಲಿ 14.4 ಬಂದು ಸರಿಯಾಯ್ತು. ಆದರೆ ಬೈನರಿ ಬದಲಾಯಿಸಿದ ಮಾತ್ರಕ್ಕೆ ಹಳೇ ಇಂಡೆಕ್ಸ್ ರಿಪೇರಿ ಆಗಲ್ಲ, ಮತ್ತೆ ಕಟ್ಟಬೇಕು. ‘ರೀಇಂಡೆಕ್ಸ್ ಮಾಡಿ’ ಅನ್ನೋ ನಿಮ್ಮ ಮದ್ದೇ ಅಲ್ಲಿ ರೋಗ.

ಇದು ಪಿಜಿ_ಆಮ್‌ಚೆಕ್ (ಇಂಡೆಕ್ಸ್ ತಪಾಸಣೆಯ ಸಾಧನ) ಹಾಗೇ ಓಡಿಸಿದರೆ ಸಿಗಲ್ಲ. ಕ್ರಮ ಸರಿಯಿದೆ, ಸಾಲೇ ಇಲ್ಲ. ಹೀಪ್‌ಆಲ್‌ಇಂಡೆಕ್ಸ್ಡ್ ಆಯ್ಕೆ ಕೊಟ್ಟರೆ ಮಾತ್ರ ‘ಈ ಹೀಪ್ (ಟೇಬಲ್) ಸಾಲಿಗೆ ಇಂಡೆಕ್ಸ್‌ನಲ್ಲಿ ಜೋಡಿ ಇಲ್ಲ’ ಅಂತ ಎರರ್ ಬರುತ್ತೆ. ಟೇಬಲ್ ಪೂರ್ತಿ ಓದುತ್ತೆ, ನಿಧಾನ.

ಬಿಟ್ರೀ ಭಟ್ಟ: ಒಪ್ಪಿದೆ. ಆದರೆ ಕೊಲೇಶನ್ ಕೆಟ್ಟಲ್ಲಿ ಉಲ್ಟಾ: ಸಾಲೆಲ್ಲ ಇದೆ, ಕ್ರಮ ತಪ್ಪಿದೆ. ಅದು ಬರೀ ಬಿಟಿ_ಇಂಡೆಕ್ಸ್_ಚೆಕ್ ಫಂಕ್ಷನ್‌ಗೇ ‘ಐಟಂ ಆರ್ಡರ್ ಇನ್‌ವೇರಿಯಂಟ್ ವಯೊಲೇಟೆಡ್’ ಅಂತ ಸಿಕ್ಕಿಬೀಳುತ್ತೆ. ಪಿಜಿ_ಆಮ್‌ಚೆಕ್ ಬಂದದ್ದು 14ರಲ್ಲಿ. 13ರವರು ಆಮ್‌ಚೆಕ್ ಎಕ್ಸ್‌ಟೆನ್ಷನ್ ಹಾಕಿ ಫಂಕ್ಷನ್ ಕರೆಯಲಿ. ಬಿಟಿ_ಇಂಡೆಕ್ಸ್_ಪೇರೆಂಟ್_ಚೆಕ್ ಹಗಲಲ್ಲಿ ಬೇಡ, ಶೇರ್ ಲಾಕ್ ಹಿಡಿದು ಟೇಬಲ್‌ಗೆ ಬರೆಯುವುದನ್ನೆಲ್ಲ ನಿಲ್ಲಿಸುತ್ತೆ.

ಮೈಸೀಕ್ವೆಲ್ ಮೈಸೂರು: ಅದಕ್ಕೇ ಮೈಎಸ್‌ಕ್ಯೂಎಲ್ ಡೇಟಾಬೇಸ್ ವಾಸಿ ಅನ್ನೋದು. ಕೊಲೇಶನ್ ಸರ್ವರ್ ಒಳಗೇ ಇದೆ, ಓಎಸ್ ಹಂಗಿಲ್ಲ.

ಹುಬ್ಬಳ್ಳಿ ಡಿಬಿಎ: ಹೌದs? ಮೈಎಸ್‌ಕ್ಯೂಎಲ್ 5.1.24ರಾಗ ಜರ್ಮನ್ ಎಸ್‌ಜೆಟ್ (ß) ಅಕ್ಷರದ ಕ್ರಮ ಬದಲ್ ಮಾಡಿ ಇಂಡೆಕ್ಸ್ ಮತ್ತ ಕಟ್ಟಸಿದವರು ಯಾರ್ರಿ?

ಮೈಸೀಕ್ವೆಲ್ ಮೈಸೂರು: ಅಜ್ಜನ ಕಾಲದ್ದು ತೆಗೆದರೆ ಏನು ಮಾತಾಡೋದು ಸ್ವಾಮಿ.

ಅರ್ಕಾವತ್ತು: ಕನ್ನಡ ಹೆಸರು ಇಟ್ಟ ಕಾಲಂ ಇದ್ದರೆ ಇಂಡೆಕ್ಸ್ ಬೈಯುವ ಮೊದಲು ಆಕ್ಟೆಟ್_ಲೆಂತ್ (ಬೈಟ್ ಎಣಿಕೆ) ನೋಡಿ. ‘ಕುಮಾರ್’ 18 ಬೈಟ್. ಕೊನೆಯಲ್ಲಿ ಕಾಣದ ಜೀರೋ ವಿಡ್ತ್ ನಾನ್‌ಜಾಯಿನರ್ ಸೇರಿದ್ದರೆ 21. ಪರದೆ ಮೇಲೆ ಎರಡೂ ಒಂದೇ, ಈಕ್ವಲ್ ಮಾತ್ರ ಆಗಲ್ಲ. ‘ಕೋ’ದ ಓತ್ವ ಒಂದೇ ಕೋಡ್ ಪಾಯಿಂಟ್ ಇರಬಹುದು, ಮೂರು ತುಂಡೂ ಇರಬಹುದು. ತುಂಡಾದದ್ದಕ್ಕೆ ನಾರ್ಮಲೈಜ್ ಫಂಕ್ಷನ್ ಇದೆ, 13ರಲ್ಲೇ ಬಂತು. ಆದರೆ ಅದು ಕೊಡುವ ಎನ್‌ಎಫ್‌ಸಿ (ತುಂಡು ಸೇರಿಸಿದ ಯೂನಿಕೋಡ್ ರೂಪ) ಆ ನಾನ್‌ಜಾಯಿನರ್ ತೆಗೆಯಲ್ಲ, ಅದನ್ನು ನೀವೇ ರಿಪ್ಲೇಸ್ ಮಾಡಬೇಕು. ಗುರುತು: ಇಂಡೆಕ್ಸ್ ಸ್ಕ್ಯಾನ್ ಆಫ್ ಮಾಡಿದರೂ ಸಾಲು ಬರದಿದ್ದರೆ ತಪ್ಪು ಅಕ್ಷರದ್ದು.

ಬಿಟ್ರೀ ಭಟ್ಟ: ಅವರ ಡಾಕೆಟ್ ನಂಬರಲ್ಲಿ ಕನ್ನಡ ಎಲ್ಲಿದೆ?

ಅರ್ಕಾವತ್ತು: ನಿಮಗೊಬ್ಬರಿಗೇ ಉತ್ತರ ಕೊಡೋ ಹಕ್ಕಾ?

ಡಾಕೆಟ್ ಹುಡುಗ: ಸಾರ್ಟ್ ನೋಡಿದೆ. ಹಳೆಯದು 11, 1-1. ಹೊಸದು 1-1, 11. ರೀಇಂಡೆಕ್ಸ್ ಕೊಟ್ಟರೆ ಯೂನಿಕ್ ಇಂಡೆಕ್ಸ್ ಕಟ್ಟಲು ಆಗಲ್ಲ, ಕೀ ಡೂಪ್ಲಿಕೇಟ್ ಅಂತಿದೆ.

ಹುಬ್ಬಳ್ಳಿ ಡಿಬಿಎ: ಇನ್ನs ಏನಾಗಬೇಕಿತ್ತು. ಹಳೇ ಸಾಲು ಕಾಣಲಿಲ್ಲಂತ ಆ್ಯಪ್ ಎರಡನೇದು ತುರಕೇತಿ. ಆನ್ ಕಾನ್‌ಫ್ಲಿಕ್ಟ್ (ಸಾಲು ಮೊದಲs ಇದ್ರ ಏನ್ ಮಾಡೂದು ಅನ್ನೂ ಷರತ್ತು) ಇದ್ರೂ ಅಷ್ಟs, ಅದೂ ಇದs ಇಂಡೆಕ್ಸ್ ಕೇಳತದ. ಆ್ಯಪ್, ಪೋಸ್ಟ್‌ಗ್ರೆಸ್ ಎರಡೂ ನಿಲ್ಲಸಿ ಡೇಟಾ ಡೈರೆಕ್ಟರಿ ಕಾಪಿ ತಗೋರಿ. ಆಮ್ಯಾಲ ಪೋಸ್ಟ್‌ಗ್ರೆಸ್ ಅಷ್ಟs ಚಾಲೂ ಮಾಡಿ, ಮೂರೂ ಸ್ಕ್ಯಾನ್ ಆಫ್ ಇಟ್ಟು ಗ್ರೂಪ್ ಬೈ, ಹ್ಯಾವಿಂಗ್ ಕೌಂಟ್ ಒಂದಕ್ಕಿಂತ ಹೆಚ್ಚು, ಜೋಡಿಗೆ ಸಿಟಿಐಡಿ (ಸಾಲು ಕೂತ ಜಾಗದ ಗುರುತು) ಬರಕೋರಿ. ಅಳಸೂದು ಸಿಟಿಐಡಿಲೆ, ನಂಬರ್ ಕೊಟ್ಟು ಅಲ್ಲ.

ಹದಿನಾಲ್ಕು ಪಾಯಿಂಟ್ ಮೂರು: ಅಳಿಸುವ ಮೊದಲು ಫಾರಿನ್ ಕೀ (ಬೇರೆ ಟೇಬಲ್ ಈ ನಂಬರಿಗೆ ಕಟ್ಟಿದ ಕೊಂಡಿ) ನೋಡಿ. ಆನ್ ಡಿಲೀಟ್ ಕ್ಯಾಸ್ಕೇಡ್ ಇದ್ದರೆ ಒಂದು ನಕಲು ಅಳಿಸಿದರೂ ಆ ನಂಬರಿನ ಚೈಲ್ಡ್ ಸಾಲೆಲ್ಲ ಹೋಗುತ್ತೆ. ಇನ್ನೊಂದು ನಕಲು ಇದೆ ಅಂತ ಕ್ಯಾಸ್ಕೇಡ್ ನೋಡಲ್ಲ.

ಡಾಕೆಟ್ ಹುಡುಗ: ಕ್ಯಾಸ್ಕೇಡ್ ಇದೆ. ಆಗಲೇ 3 ಅಳಿಸಿದ್ದೀನಿ.

ಹುಬ್ಬಳ್ಳಿ ಡಿಬಿಎ: ಕಾಪಿ ತಗೊಂಡಿದ್ರೇನು?