ಗೋವಾದಲ್ಲಿ ಭೂವಿಜ್ಞಾನ ಪಿಎಚ್‌ಡಿ: ಪ್ರಾಜೆಕ್ಟ್ ಕೆಲಸಕ್ಕೆ ಸೇರಿದರೆ ರಿಜಿಸ್ಟ್ರೇಷನ್ ಆದಂತೆಯೇ?

ಸಡಾ_ಗುಡ್ಡ:
ಧಾರವಾಡದಲ್ಲಿ ಎಂಎಸ್ಸಿ ಭೂವಿಜ್ಞಾನ, ಶೇ 61. ಈಗ ವಾಸ ವಾಸ್ಕೋ. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕಿಲ್ಲ, ‘ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ’ ವರ್ಗದಲ್ಲಿ ಪಾಸು. ಸಮುದ್ರದ ಕೆಸರಿನಿಂದ ಹಳೆಯ ಮುಂಗಾರನ್ನು ಓದುವ ಕೆಲಸದಲ್ಲಿ ಆಸಕ್ತಿ. ಎರಡು ವರ್ಷದ ಪ್ರಾಜೆಕ್ಟ್ ಜೆಆರ್‌ಎಫ್ (ಗೈಡ್‌ನ ಪ್ರಾಜೆಕ್ಟ್ ಹಣದಿಂದ ಸಂಬಳ ಬರುವ) ಹುದ್ದೆಗಳ ಜಾಹೀರಾತು ಕಾಣುತ್ತಿವೆ. ಸೇರಿದರೆ ಪಿಎಚ್‌ಡಿ ತಾನಾಗಿ ಆಗುತ್ತದೆಯೇ? ಗೈಡ್‌ಗೆ ಏನು ಬರೆಯಬೇಕು? ಪುಣೆ, ಮುಂಬೈ ಕಡೆಗೂ ಅರ್ಜಿ ಹಾಕಲೇ?

ದೋನಾಪಾವ್ಲಾ_ದಂಡೆ:
ತಾನಾಗಿ ಆಗುವುದಿಲ್ಲ. ಕೆಲಸ ಮಾಡುವ ಸಂಸ್ಥೆ ಒಂದು, ಪದವಿ ಕೊಡುವ ವಿಶ್ವವಿದ್ಯಾಲಯ ಇನ್ನೊಂದು, ಹಣ ಬರುವ ಮೂಲ ಮತ್ತೊಂದು. ಎನ್‌ಐಒದಲ್ಲಿ (ಇಲ್ಲಿನ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ) ಕೂತು ಕೆಲಸ ಮಾಡಿದರೂ ಪದವಿ ಬರುವುದು ಎಸಿಎಸ್‌ಐಆರ್‌ನಿಂದ (ಸಿಎಸ್‌ಐಆರ್ ಪ್ರಯೋಗಾಲಯಗಳಿಗೆ ಪದವಿ ಕೊಡುವ ಅಕಾಡೆಮಿ) ಅಥವಾ ಗೋವಾ ವಿಶ್ವವಿದ್ಯಾಲಯದಿಂದ. ಪ್ರಾಜೆಕ್ಟ್‌ನ ಗಡಿಯಾರ ಸೇರಿದ ದಿನದಿಂದ ಓಡುತ್ತದೆ, ಪಿಎಚ್‌ಡಿಯದು ರಿಜಿಸ್ಟ್ರೇಷನ್‌ನಿಂದ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ 3 ವರ್ಷ, ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಎರಡು ವರ್ಷದ ಪ್ರಾಜೆಕ್ಟ್‌ನಲ್ಲಿ ರಿಜಿಸ್ಟ್ರೇಷನ್ ಒಂಬತ್ತು ತಿಂಗಳು ತಡವಾದರೆ, ಹಣ ನಿಲ್ಲುವಾಗ ಥೀಸಿಸ್ ಅರ್ಧದಾರಿಗೂ ಬಂದಿರುವುದಿಲ್ಲ.

ಸಂದರ್ಶನದಲ್ಲೇ ಕೇಳಿ, ಸಂಕೋಚ ಬೇಡ: ನೀವು ಯಾವ ವಿಶ್ವವಿದ್ಯಾಲಯದ ಮಾನ್ಯ ಗೈಡ್? ಸೀಟು ಖಾಲಿ ಇದೆಯೇ? (ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4, ಇದು ಯುಜಿಸಿ ಮಿತಿ.) ನಿವೃತ್ತಿಗೆ ಎಷ್ಟು ವರ್ಷ? ಮೂರಕ್ಕಿಂತ ಕಡಿಮೆ ಉಳಿದಿದ್ದರೆ ಅದೇ ನಿಯಮದ ಪ್ರಕಾರ ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವಂತಿಲ್ಲ. ಪ್ರಾಜೆಕ್ಟ್ ಮುಗಿದ ಮೇಲೆ ಸ್ಟೈಪೆಂಡ್ ಎಲ್ಲಿಂದ? ಈ ಕೊನೆಯದಕ್ಕೆ ‘ನೋಡೋಣ’ ಎಂದರೆ ಅದನ್ನು ‘ಇಲ್ಲ’ ಎಂದೇ ಓದಿಕೊಳ್ಳಿ.

ನಿಮ್ಮ ವರ್ಗದ ನೆಟ್ ಅಂಕಕ್ಕೆ ಒಂದೇ ವರ್ಷ ಆಯಸ್ಸು. ಪ್ರವೇಶದಲ್ಲಿ ಅದಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಆದ್ದರಿಂದ ಮೊದಲು ವಿಶ್ವವಿದ್ಯಾಲಯದ ಅರ್ಜಿ, ಆಮೇಲೆ ಪ್ರಾಜೆಕ್ಟ್. ಜೊತೆಗೆ ಜೆಆರ್‌ಎಫ್‌ಗೆ ಮತ್ತೆ ಕೂರಿ. ಸ್ವಂತ ಫೆಲೋಶಿಪ್ (ತಿಂಗಳಿಗೆ 37,000, ಎರಡು ವರ್ಷದ ನಂತರ 42,000, ಮನೆಬಾಡಿಗೆ ಭತ್ಯೆ ಬೇರೆ) ಕೈಯಲ್ಲಿದ್ದರೆ ಗೈಡ್‌ನ ಪ್ರಾಜೆಕ್ಟ್ ನಿಂತರೂ ನೀವು ನಿಲ್ಲಬೇಕಿಲ್ಲ.

ಫೊರಾಮ್_ಹೆಕ್ಕುವವ:
ಗೈಡ್‌ಗೆ ಬರೆಯುವ ಪತ್ರ 200 ಪದ ದಾಟದಿರಲಿ. ‘ನಿಮ್ಮ ಸಂಶೋಧನೆಯಿಂದ ಪ್ರಭಾವಿತನಾಗಿ’ ಎಂಬ ಸಾಲು ಬೇಡ. ಎಂಎಸ್ಸಿ ಡಿಸರ್ಟೇಷನ್‌ನಲ್ಲಿ ಏನನ್ನು ಅಳೆದಿರಿ, ಯಾವ ಉಪಕರಣ ಸ್ವತಃ ನಡೆಸಿದಿರಿ, ಯಾವ ಪ್ರಶ್ನೆ ಹಿಡಿಯಬೇಕೆಂದಿದ್ದೀರಿ: ಇಷ್ಟು ಸಾಕು. ಅದರ ಜೊತೆ ಎರಡು ಪುಟದ ಪ್ರಸ್ತಾವ.

ಪ್ರಸ್ತಾವಗಳು ಸೋಲುವುದು ಸಾಮಾನ್ಯವಾಗಿ ಗಣಿತದಲ್ಲಿ. ಸಾವಿರ ವರ್ಷಕ್ಕೆ 2 ಸೆಂ.ಮೀ. ಕೆಸರು ಕೂರುವ ಜಾಗದ ಕೋರ್‌ನಲ್ಲಿ (ಸಮುದ್ರತಳದಿಂದ ಕೊಳವೆಯಲ್ಲಿ ತೆಗೆದ ಕೆಸರಿನ ಕಂಬ) 1 ಸೆಂ.ಮೀ. ಹೋಳು ಅಂದರೆ 500 ವರ್ಷ. ಹುಳುಗಳು ಕೆದಕಿ ಕಲಸಿದ್ದು ಸೇರಿದರೆ ಇನ್ನೂ ಮಸುಕು. ಅಂಥ ಕೋರ್ ಹಿಡಿದು ‘ಕಳೆದ 1000 ವರ್ಷದ ಬರಗಾಲಗಳು’ ಎಂದು ಶೀರ್ಷಿಕೆ ಕೊಟ್ಟರೆ ಸಮಿತಿ ಮುಂದೆ ಓದುವುದೇ ಇಲ್ಲ. ಅರಬ್ಬೀ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರ್ ಆಳದ ನಡುವೆ ಆಮ್ಲಜನಕ ತೀರಾ ಕಡಿಮೆ. ಇಳಿಜಾರು ಆ ಆಳಕ್ಕೆ ತಾಗುವಲ್ಲಿ ಕೆದಕುವ ಜೀವಿಗಳೂ ಕಡಿಮೆ, ಪದರ ಉಳಿಯುವ ಸಾಧ್ಯತೆ ಹೆಚ್ಚು. ಕೋರ್ ಎಲ್ಲಿಯದು ಎಂಬುದನ್ನು ಮೊದಲ ಪುಟದಲ್ಲೇ ಹೇಳಬೇಕಾದದ್ದು ಅದಕ್ಕೇ.

ಎರಡನೇ ತಪ್ಪು: ಫೊರಾಮಿನಿಫೆರಾ (ಸಮುದ್ರದ ಏಕಕೋಶ ಜೀವಿ) ಚಿಪ್ಪಿನ ಆಕ್ಸಿಜನ್ ಐಸೊಟೋಪು ಸೀದಾ ಮಳೆಯನ್ನು ಹೇಳುತ್ತದೆಂದು ಬರೆಯುವುದು. ಅದರಲ್ಲಿ ನೀರಿನ ಉಷ್ಣತೆ, ಲವಣತೆ ಎರಡೂ ಬೆರೆತಿರುತ್ತವೆ. ಅದೇ ಜಾತಿಯ ಚಿಪ್ಪಿನಲ್ಲಿ ಮೆಗ್ನೀಸಿಯಂ–ಕ್ಯಾಲ್ಸಿಯಂ ಅನುಪಾತ ಅಳೆದು ಉಷ್ಣತೆಯ ಪಾಲನ್ನು ಬೇರ್ಪಡಿಸಬೇಕು. 3 ಮೀಟರ್ ಕೋರ್ 2 ಸೆಂ.ಮೀ.ಗೆ ಒಂದರಂತೆ 150 ಹೋಳು. ಪ್ರತಿಯೊಂದನ್ನೂ 63 ಮೈಕ್ರಾನ್ ಜರಡಿಯಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಒಂದೇ ಜಾತಿ, ಒಂದೇ ಗಾತ್ರದ ಚಿಪ್ಪು ಹೆಕ್ಕುವುದಕ್ಕೆ ತಿಂಗಳುಗಟ್ಟಲೆ ಬೇಕು. ವೇಳಾಪಟ್ಟಿಯಲ್ಲಿ ಇದಕ್ಕೆ ಜಾಗ ಇಡಿ. ಪದರದ ವಯಸ್ಸು ಹೇಳುವ ರೇಡಿಯೋಕಾರ್ಬನ್ ಸುಮಾರು 50,000 ವರ್ಷಕ್ಕಿಂತ ಹಿಂದೆ ಕೈಕೊಡುತ್ತದೆ. ಸಮುದ್ರನೀರಿನ ಹಳೆಯ ಇಂಗಾಲದ ತಿದ್ದುಪಡಿಯನ್ನೂ ಮರೆಯಬೇಡಿ.

ಹೊಸ ಕೋರ್ ತೆಗೆಯಲು ಹಡಗಿಗಾಗಿ ಕಾಯುವ ಯೋಜನೆ ಬೇಡ. ಸಂಗ್ರಹದಲ್ಲಿ ಈಗಾಗಲೇ ಇರುವ ಕೋರ್ ಕೇಳಿ.

ಪಾಷಾಣ್_ರಸ್ತೆ:
ಪುಣೆಯ ಐಐಟಿಎಂ (ಉಷ್ಣವಲಯ ಹವಾಮಾನ ಸಂಸ್ಥೆ) ಮುಖ್ಯವಾಗಿ ವಾಯುಮಂಡಲ, ಮುಂಗಾರು, ಮಾಡೆಲ್‌ಗಳ ಸಂಸ್ಥೆ. ಪೈಥಾನ್, ಫೋರ್ಟ್ರಾನ್, ಗಣಿತ ಒಗ್ಗದಿದ್ದರೆ ಕಷ್ಟ. ಐಸರ್ ಪುಣೆಯ ಭೂ ಮತ್ತು ಹವಾಗುಣ ವಿಭಾಗವನ್ನು ನೋಡಿ, ಅಲ್ಲಿ ಪದವಿ ಸಂಸ್ಥೆಯದೇ. ಮುಂಬೈ ಪವಾಯಿಯ ಐಐಟಿಗೆ ಗೇಟ್ ಪರೀಕ್ಷೆಯ ಜಿಜಿ (ಭೂವಿಜ್ಞಾನ, ಭೂಭೌತವಿಜ್ಞಾನ) ಪತ್ರಿಕೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆ ಅಂಕ 3 ವರ್ಷ ನಡೆಯುತ್ತದೆ, ನೆಟ್‌ನಂತೆ ಒಂದೇ ವರ್ಷಕ್ಕೆ ಸಾಯುವುದಿಲ್ಲ.

ಹೆಚ್ಚಿನವರು ಮರೆಯುವ ಹೆಸರು ಮುಂಬೈ ಬಳಿಯ ನವ ಪನ್ವೇಲ್‌ನ ಭೂಕಾಂತತ್ವ ಸಂಸ್ಥೆ. ಕಾಂತೀಯ ಗುಣಗಳಿಂದ ಕೆಸರನ್ನು ಓದುವ ಕೆಲಸ ಅಲ್ಲುಂಟು. ಅಳತೆ ಬೇಗ, ಅಗ್ಗ, ಸ್ಯಾಂಪಲ್ ಹಾಳಾಗುವುದಿಲ್ಲ.

ಸಡಾ_ಗುಡ್ಡ:
ಉಪಕಾರವಾಯಿತು. ಸಂದರ್ಶನದಲ್ಲಿ ಸಮುದ್ರದ ವಿಷಯವೇ ಕೇಳುತ್ತಾರಾ?

ದೋನಾಪಾವ್ಲಾ_ದಂಡೆ:
ಅಷ್ಟೇ ಅಲ್ಲ. ಧಾರವಾಡದವರೆಂದರೆ ಗೋವಾದ ಕಬ್ಬಿಣದ ಅದಿರು ಧಾರವಾಡ ಕ್ರೇಟಾನ್‌ನ (ಭೂಖಂಡದ ಪುರಾತನ, ಸ್ಥಿರ ಶಿಲಾಭಾಗ) ಯಾವ ಭಾಗ ಎಂದು ಕೇಳಿಯೇ ಕೇಳುತ್ತಾರೆ. ಡೆಕ್ಕನ್ ಬಸಾಲ್ಟ್ (ಲಾವಾ ಶಿಲೆ) ಬಂದರೆ, ಅದರ ಬುಶೆ ಪದರದಲ್ಲಿ ಭೂಚಿಪ್ಪಿನ (ಭೂಮಿಯ ಹೊರಪದರದ) ಕಲಬೆರಕೆ ಏಕೆ ಹೆಚ್ಚು, ಅಂಬೇನಳಿಯಲ್ಲಿ ಏಕೆ ಕಡಿಮೆ ಎಂಬಲ್ಲಿಗೆ ಹೋಗುತ್ತದೆ. ಮತ್ತೆ ನಿಮ್ಮ ಡಿಸರ್ಟೇಷನ್‌ನ ಪ್ರತಿ ಗ್ರಾಫ್‌ನಲ್ಲೂ ದೋಷದ ಅಳತೆ ಎಷ್ಟೆಂದು ಹೇಳಲು ಬರಬೇಕು.