ಪದಚರ್ಚೆ: ತುಪ್ಪಳ ಪ್ರಾಣಿ, ಬೋನು, ಹಂಗಾಮು

ಪ್ರಶ್ನೆ

ಬಳಗದವರಿಗೆ ನಮಸ್ಕಾರ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಟ್ರ್ಯಾಪಿಂಗ್ (ತುಪ್ಪಳಕ್ಕಾಗಿ ಕಾಡುಪ್ರಾಣಿಗಳನ್ನು ಸಾಧನ ಇಟ್ಟು ಹಿಡಿಯುವುದು) ನಿಯಮಗಳ ಬಗ್ಗೆ ವಿಶ್ವಕೋಶಕ್ಕೊಂದು ಲೇಖನ ಸಿದ್ಧವಾಗುತ್ತಿದೆ. ಐದು ಪದಗಳು ತೊಡಕಾಗಿವೆ: ಫರ್‌ಬೇರರ್, ಟ್ರ್ಯಾಪ್, ಓಪನ್ ಸೀಸನ್, ಪ್ರೈಮ್ ಪೆಲ್ಟ್, ಟ್ರ್ಯಾಪ್‌ಲೈನ್. ಸದ್ಯಕ್ಕೆ ಇವನ್ನು ಕ್ರಮವಾಗಿ ‘ತುಪ್ಪಳವುಳ್ಳ ಪ್ರಾಣಿ’, ‘ಉರುಳು’, ‘ಮುಕ್ತ ಋತು’, ‘ಹದಗೊಂಡ ಚರ್ಮ’, ‘ಉರುಳಿನ ಸಾಲು’ ಎಂದು ಬರೆದಿದೆ. ಬೀವರ್‌ಗೆ ‘ನೀರುನಾಯಿ’ ನಡೆಯುತ್ತದೆಯೇ? ಓದುವವರಿಗೆ ತಿಳಿಯಬೇಕು, ಕಾನೂನಿನ ಅರ್ಥವೂ ಕೆಡಬಾರದು. ಬಲ್ಲವರು ತಿಳಿಸಿ.

ಉತ್ತರ

ಮೊದಲು ‘ಉರುಳು’ ತೆಗೆದುಬಿಡಿ. ಉರುಳು ಎಂದರೆ ನಮ್ಮಲ್ಲಿ ತಂತಿಯದ್ದೋ ಹಗ್ಗದ್ದೋ ಜೀರುಗುಣಿಕೆ. ಹಂದಿಗೆಂದು ಹಾಕಿದ್ದಕ್ಕೆ ಚಿರತೆ ಸಿಕ್ಕಿ ಸತ್ತಿತು ಎಂದು ಪತ್ರಿಕೆಯಲ್ಲಿ ಆಗಾಗ ಬರುತ್ತದಲ್ಲ, ಅದೇ. ಇಂಗ್ಲಿಷಿನಲ್ಲಿ ಅದಕ್ಕೆ ಬೇರೆ ಹೆಸರಿದೆ, ಸ್ನೇರ್. ನ್ಯೂಯಾರ್ಕಿನಲ್ಲಿ ಸ್ನೇರ್ ಇಡುವುದೇ ಅಪರಾಧ. ಪರವಾನಗಿ ಪಡೆದವರು ಉರುಳು ಹಾಕಬಹುದು ಎಂದು ನೀವು ಬರೆದರೆ, ಆ ರಾಜ್ಯ ಕೂಡದು ಎಂದದ್ದನ್ನೇ ಮಾಡಬಹುದು ಎಂದಂತಾಗುತ್ತದೆ.

ಒಟ್ಟು ಹೆಸರಿಗೆ ‘ಬೋನು’ ಸಾಕು. ಬೋನು ಎಂದರೆ ಚಿರತೆ ಹಿಡಿಯುವ ಪಂಜರ ಮಾತ್ರವಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಇಲಿಯನ್ನು ಜೀವಂತ ಹಿಡಿಯುವ ಪೆಟ್ಟಿಗೆಗೂ ಇಲಿಬೋನು ಎನ್ನುತ್ತೇವೆ, ಸ್ಪ್ರಿಂಗ್ ಬಡಿದು ಕೊಲ್ಲುವ ಹಲಗೆಗೂ ಇಲಿಬೋನು ಎನ್ನುತ್ತೇವೆ. ಪದಕ್ಕೆ ಆ ಹರವು ಮೊದಲಿನಿಂದಲೂ ಇದೆ. ಬಗೆ ಹೇಳಬೇಕಾದಲ್ಲಿ ಮುಂದೊಂದು ವಿಶೇಷಣ ಸೇರಿಸಿದರಾಯಿತು: ಪಂಜರದ ಬೋನು, ಕಾಲು ಹಿಡಿಯುವ ಬೋನು, ಮೈ ಬಿಗಿಯುವ ಬೋನು.

ಕಾಲು ಹಿಡಿಯುವ ಬೋನಿನಲ್ಲಿ ಎರಡು ಉಕ್ಕಿನ ದವಡೆ, ನಡುವೆ ತುಳಿದರೆ ಕುಸಿಯುವ ತಟ್ಟೆ, ಬದಿಗೆ ಸ್ಪ್ರಿಂಗ್, ಕೆಳಗೆ ಸರಪಳಿ ಇರುತ್ತವೆ. ದವಡೆಗೆ ಹಲ್ಲು ಇರಕೂಡದು. ನೆಲದ ಮೇಲೆ ಇಡುವುದಾದರೆ ನ್ಯೂಯಾರ್ಕಿನಲ್ಲಿ ದವಡೆಯ ಒಳಅಗಲ ಐದೂಮುಕ್ಕಾಲು ಇಂಚು ಮೀರುವಂತಿಲ್ಲ. ಸರಪಳಿಯಲ್ಲಿ ತಿರುಗುವ ಕೊಂಡಿ ಏಕೆ ಬೇಕು ಎಂಬುದನ್ನು ಲೇಖನದಲ್ಲಿ ಹೇಳಿ. ಸಿಕ್ಕ ಪ್ರಾಣಿ ಸುತ್ತು ಹಾಕುತ್ತದೆ. ಕೊಂಡಿ ತಿರುಗದಿದ್ದರೆ ಸರಪಳಿ ಹುರಿಗೊಂಡು ಕಾಲೇ ತಿರುಚಿಕೊಳ್ಳುತ್ತದೆ. ಬೋನನ್ನು ಮಣ್ಣಿನಲ್ಲಿ ಅಲುಗದಂತೆ ಕೂರಿಸಬೇಕು. ಅಲುಗಿದರೆ ನರಿ ಸಂಶಯಪಟ್ಟು ಕೆರೆದು ಹೊರತೆಗೆದುಬಿಡುತ್ತದೆ. ಮೇಲೆ ಉದುರಿಸುವ ಮಣ್ಣು ಒಣಗಿರಬೇಕು, ಒದ್ದೆ ಮಣ್ಣು ರಾತ್ರಿ ಹೆಪ್ಪುಗಟ್ಟಿದರೆ ತಟ್ಟೆ ಕುಸಿಯುವುದೇ ಇಲ್ಲ.

ಮೈ ಬಿಗಿಯುವ ಬೋನು ಎಂದರೆ ಕೆನಡಾದ ಫ್ರಾಂಕ್ ಕಾನಿಬೇರ್ ರೂಪಿಸಿ 1950ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂದ ಚೌಕಾಕಾರದ ತಂತಿಬೋನು. 110, 220, 330 ಎಂಬ ಸಂಖ್ಯೆಗಳಿಂದಲೇ ಅದನ್ನು ಗುರುತಿಸುತ್ತಾರೆ. 110 ಮಿಂಕ್, ಮಸ್ಕ್‌ರ್ಯಾಟ್‌ಗಳಂಥ ಸಣ್ಣ ಪ್ರಾಣಿಗಳಿಗೆ. ಹತ್ತಿಂಚು ಚೌಕದ 330 ಬೀವರ್‌ಗೆ. ಇದನ್ನು ‘ತಕ್ಷಣ ಕೊಲ್ಲುವ ಬೋನು’ ಎಂದು ಅನುವಾದಿಸುವ ಚಪಲ ಬೇಡ. ಕೆನಡಾ, ರಷ್ಯಾ ಮತ್ತು ಯುರೋಪಿಯನ್ ಒಕ್ಕೂಟ ಒಪ್ಪಿರುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಹೆಚ್ಚಿನ ಪ್ರಾಣಿಗಳಿಗೆ 300 ಸೆಕೆಂಡು, ಮಾರ್ಟೆನ್‌ಗೆ 120, ಅರ್ಮಿನ್‌ಗೆ 45 ಸೆಕೆಂಡಿನ ಗಡುವಿದೆ. ಅಳೆಯುವುದೂ ಸಾವನ್ನಲ್ಲ, ಪ್ರಜ್ಞೆ ಮತ್ತು ಸಂವೇದನೆ ಹೋಗುವ ಹೊತ್ತನ್ನು. ಐದು ನಿಮಿಷಕ್ಕೆ ‘ತಕ್ಷಣ’ ಎನ್ನಲು ಕನ್ನಡ ಒಪ್ಪುವುದಿಲ್ಲ.

ಟ್ರ್ಯಾಪಿಂಗ್ ಎಂಬ ಕಸುಬಿಗೆ ‘ಬೋನುಗಾರಿಕೆ’ ಎನ್ನಿ, ‘ಬೇಟೆ’ ಬೇಡ. ನಮ್ಮ 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಲ್ಲಿ ಬೇಟೆ ಎಂಬುದರ ವ್ಯಾಖ್ಯೆಯೊಳಗೇ ಉರುಳು ಹಾಕುವುದು, ಬೋನಿಡುವುದು ಸೇರಿವೆ. ಹಾಗಾಗಿ ಕನ್ನಡದ ಓದುಗ ಎರಡೂ ಒಂದೇ ಎಂದುಕೊಳ್ಳುತ್ತಾನೆ. ನ್ಯೂಯಾರ್ಕಿನಲ್ಲಿ ಎರಡಕ್ಕೂ ಬೇರೆಬೇರೆ ಪರವಾನಗಿ. ಬೋನಿನದನ್ನು ಹೊಸದಾಗಿ ಪಡೆಯುವವರು ಅದಕ್ಕೆಂದೇ ಇರುವ ತರಬೇತಿ ಮುಗಿಸಿರಬೇಕು. ಪ್ರತಿ ಬೋನಿನ ಮೇಲೂ ಇಟ್ಟವರ ಹೆಸರು ವಿಳಾಸವೋ ಗುರುತಿನ ಸಂಖ್ಯೆಯೋ ಇರುವ ಚೀಟಿ ಬೇಕು. ಕೋವಿ ಹಿಡಿದು ಹೋಗುವವನಿಗೆ ಈ ಯಾವುದೂ ಅನ್ವಯಿಸದು.

‘ತುಪ್ಪಳವುಳ್ಳ ಪ್ರಾಣಿ’ಯಲ್ಲಿ ಆ ‘ಉಳ್ಳ’ದ್ದೇ ತೊಂದರೆ. ತುಪ್ಪಳ ಕರಡಿಗೂ ಇದೆ, ಮೊಲಕ್ಕೂ ಇದೆ. ಆದರೆ ನ್ಯೂಯಾರ್ಕಿನ ಪಟ್ಟಿಯಲ್ಲಿ ಕರಡಿ ದೊಡ್ಡ ಬೇಟೆಗೆ, ಮೊಲ ಸಣ್ಣ ಬೇಟೆಗೆ ಸೇರಿದ್ದು. ಬೀವರ್, ನೀರುನಾಯಿ, ಮಿಂಕ್, ಮಸ್ಕ್‌ರ್ಯಾಟ್, ಫಿಶರ್, ಮಾರ್ಟೆನ್, ಬಾಬ್‌ಕ್ಯಾಟ್, ನರಿ, ಕಯೋಟಿ, ರಕೂನ್ ಮೊದಲಾದವು ಮಾತ್ರ ಫರ್‌ಬೇರರ್. ಅಂದರೆ ಇದು ಮೈಯ ಲಕ್ಷಣವಲ್ಲ, ಕಾನೂನಿನ ಪಟ್ಟಿ. ‘ತುಪ್ಪಳ ಪ್ರಾಣಿ’ ಎಂದು ಸಮಾಸ ಮಾಡಿ, ಮೊದಲ ಬಾರಿ ಬಂದಲ್ಲಿ ಪಟ್ಟಿ ಕೊಡಿ. ಹಲವು ಕಡೆ ತುಪ್ಪಳ ಎಂದರೆ ಕೋಳಿಯ ಪುಕ್ಕವೂ ಹೌದು, ಪಟ್ಟಿಯಿದ್ದರೆ ಆ ಗೊಂದಲವೂ ಇರದು.

ಬೀವರ್ ನೀರುನಾಯಿಯಲ್ಲ. ನೀರುನಾಯಿ ಎಂದರೆ ಆಟರ್, ತುಂಗಭದ್ರೆಯಲ್ಲಿ ಮೀನು ಹಿಡಿದು ತಿನ್ನುವ ಪ್ರಾಣಿಯ ಬಂಧು. ಬೀವರ್ ಮರ ಕಡಿದು ಅಣೆಕಟ್ಟುವ ದಂಶಕ, ನಮ್ಮಲ್ಲಿ ಇಲ್ಲವೇ ಇಲ್ಲ. ಈ ನಿಯಮಗಳಲ್ಲಿ ಎರಡೂ ಅಕ್ಕಪಕ್ಕದಲ್ಲೇ ಬರುತ್ತವೆ. ನೀರುನಾಯಿ, ಬಾಬ್‌ಕ್ಯಾಟ್, ಫಿಶರ್, ಮಾರ್ಟೆನ್‌ಗಳ ತೊಗಲಿಗೆ ರಾಜ್ಯದ ವನ್ಯಜೀವಿ ನೋಡಿಕೊಳ್ಳುವ ಇಲಾಖೆಯ ಮುದ್ರೆ ಬೀಳದೆ ಮಾರುವಂತಿಲ್ಲ; ಮೊದಲೆರಡು ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಎರಡನೇ ಅನುಬಂಧದಲ್ಲೂ ಇವೆ. ಬೀವರ್‌ಗೆ ಸೈಟಿಸ್ ತಂಟೆಯಿಲ್ಲ. ಇನ್ನು ಬೀವರ್‌ಗೆಂದು ನೀರಲ್ಲಿಟ್ಟ 330ಕ್ಕೆ ನೀರುನಾಯಿ ಬೀಳುವುದು ಹಳೆಯ ಸಮಸ್ಯೆ. ಅದಕ್ಕೆ ಬೋನಿನ ನಡುವೆ ಇಳಿಬಿದ್ದಿರುವ, ತಗಲಿದರೆ ಬೋನು ಬಡಿಯುವ ಎರಡು ತಂತಿಗಳನ್ನು ಒಂದು ಬದಿಗೆ ಸರಿಸಿ ಇಡುತ್ತಾರೆ. ಸಪೂರ ಮೈಯ ನೀರುನಾಯಿ ಪಕ್ಕದಲ್ಲಿ ನುಸುಳಿ ಹೋಗುತ್ತದೆ, ದಪ್ಪ ಮೈಯ ಬೀವರ್ ತಂತಿಗೆ ತಗಲುತ್ತದೆ. ನಿಮ್ಮ ಅನುವಾದದಲ್ಲಿ ಎರಡಕ್ಕೂ ನೀರುನಾಯಿ ಎಂದಿದ್ದರೆ ಈ ವಾಕ್ಯ ಏನಾದೀತು, ನೋಡಿ.

ಸೀಸನ್‌ಗೆ ಕನ್ನಡದಲ್ಲಿ ‘ಹಂಗಾಮು’ ಇದೆ. ಕಬ್ಬು ನುರಿಸುವ ಹಂಗಾಮು ಸರ್ಕಾರದ ಆದೇಶದಿಂದ ಶುರುವಾಗಿ ಮುಗಿಯುವ ಹಾಗೆ ಇದೂ. ‘ಮುಕ್ತ ಋತು’ ಎಂದರೆ ವಸಂತ, ಗ್ರೀಷ್ಮಗಳ ಕಡೆ ಮನಸ್ಸು ಹೋಗುತ್ತದೆ. ‘ಹಂಗಾಮು ತೆರೆದಿದೆ, ಮುಚ್ಚಿದೆ’ ಎನ್ನುವುದಕ್ಕಿಂತ ‘ಹಿಡಿಯಬಹುದಾದ ಅವಧಿ’, ‘ನಿಷೇಧ ಅವಧಿ’ ಎಂಬುದು ಸಲೀಸು. ಕರಾವಳಿಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧದ ಸುದ್ದಿ ಓದಿದವರಿಗೆ ಇದು ಹೊಸದಲ್ಲ. ನರಿ, ರಕೂನ್‌ಗಳಿಗೆ ನ್ಯೂಯಾರ್ಕಿನ ಅವಧಿ ಸಾಮಾನ್ಯವಾಗಿ ಅಕ್ಟೋಬರ್ 25ರಿಂದ ಫೆಬ್ರವರಿ 15. ಬೀವರ್‌ಗೆ ಹಲವು ವಲಯಗಳಲ್ಲಿ ಏಪ್ರಿಲ್ 7ರ ತನಕ. ಎರಡು ವರ್ಷಗಳ ಮೇಲೆ ಚಾಚಿಕೊಳ್ಳುವುದರಿಂದ ‘2024–25ನೇ ಸಾಲಿನ ಹಂಗಾಮು’ ಎಂದೇ ಬರೆಯಿರಿ.

ಈ ತಾರೀಖುಗಳ ಹಿಂದಿರುವ ಕಾರಣದಲ್ಲೇ ಪ್ರೈಮ್ ಎಂಬುದರ ಅರ್ಥವಿದೆ. ಶರತ್ಕಾಲದಲ್ಲಿ ಹಗಲು ಕುಗ್ಗುತ್ತಿದ್ದಂತೆ ಹಳೆಯ ಕೂದಲು ಉದುರಿ ಚಳಿಗಾಲದ ಒತ್ತು ಕೂದಲು ಬರುತ್ತದೆ. ಚಳಿಗಿಂತ ಹಗಲಿನ ಉದ್ದವೇ ಇದನ್ನು ನಡೆಸುವುದು. ಕೂದಲು ಬೆಳೆಯುವಾಗ ಅದರ ಬುಡದಲ್ಲಿ ಬಣ್ಣದ ಕಣಗಳು ತುಂಬಿರುತ್ತವೆ, ಆಗ ಸುಲಿದರೆ ತೊಗಲಿನ ಒಳಮೈ ನೀಲಿಗಪ್ಪಾಗಿ ಕಾಣುತ್ತದೆ. ಬೆಳವಣಿಗೆ ಮುಗಿದ ಮೇಲೆ ಒಳಮೈ ಕೆನೆಬಣ್ಣಕ್ಕೆ ತಿರುಗುತ್ತದೆ. ಮಿಂಕ್, ಮಸ್ಕ್‌ರ್ಯಾಟ್‌ಗಳನ್ನು ಚೀಲದ ಹಾಗೆ ಸುಲಿದು ತುಪ್ಪಳ ಒಳಗಾಗುವಂತೆ ಒಣಗಿಸುವುದರಿಂದ, ಕೊಳ್ಳುವವನ ಕಣ್ಣಿಗೆ ಮೊದಲು ಬೀಳುವುದು ಈ ಒಳಮೈಯೇ. ಮಿಂಕ್ ಚಳಿಗಾಲದ ಆರಂಭಕ್ಕೇ ಬಲಿತರೆ ಬೀವರ್, ಮಸ್ಕ್‌ರ್ಯಾಟ್ ಬಲಿಯುವುದು ಚಳಿಗಾಲ ಮುಗಿಯುವ ಹೊತ್ತಿಗೆ. ಕಯೋಟಿಯ ತುಪ್ಪಳ ತಡವಾದರೆ ಕೆಡುತ್ತದೆ. ಫೆಬ್ರವರಿಯ ಹೊತ್ತಿಗೆ ಮೈ ಉಜ್ಜಿಕೊಂಡು ಭುಜ, ಸೊಂಟದ ಕೂದಲು ಸವೆದಿರುತ್ತದೆ.

ಇದಕ್ಕೆ ‘ಹದಗೊಂಡ’ ಸಲ್ಲದು. ತೊಗಲಿನ ವಿಷಯದಲ್ಲಿ ಹದ ಮಾಡುವುದೆಂದರೆ ಸುಲಿದ ಮೇಲಿನ ಕೆಲಸ. ಇಲ್ಲಿ ಹೇಳುತ್ತಿರುವುದು ಪ್ರಾಣಿ ಜೀವಂತ ಇದ್ದಾಗಿನ ಸ್ಥಿತಿ. ‘ಬಲಿತ ತುಪ್ಪಳ’, ಅದರ ವಿರುದ್ಧಕ್ಕೆ ‘ಎಳೆ ತುಪ್ಪಳ’ ಎನ್ನಿ. ‘ಎಳೆ’ ಎಂದರೆ ಮರಿಯ ತುಪ್ಪಳ ಎಂದು ತಿಳಿಯುವ ಅಪಾಯವಿದ್ದಲ್ಲಿ ‘ಬಲಿಯದ’ ಎನ್ನಬಹುದು.

ಮತ್ತೊಂದು ಉತ್ತರ

ಮೇಲಿನವರು ಹೇಳಿದ್ದಕ್ಕೆ ಮೂರು ಸೇರಿಕೆ.

‘ಟ್ರ್ಯಾಪ್‌ಲೈನ್’ ಎರಡು ದೇಶಗಳಲ್ಲಿ ಎರಡು. ಅಮೆರಿಕದಲ್ಲಿ ಅದು ಒಬ್ಬರು ಇಟ್ಟ ಬೋನುಗಳನ್ನು ನೋಡಿಕೊಂಡು ಬರುವ ದಾರಿ. ‘ಬೋನಿನ ಹಾದಿ’ ಸಾಕು. ಕೆನಡಾದಲ್ಲಿ ನೋಂದಾಯಿತ ಟ್ರ್ಯಾಪ್‌ಲೈನ್ ಎಂದರೆ ಗಡಿ ಗುರುತಿಸಿದ ಕಾಡು. ಅಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 1926ರಲ್ಲಿ ಈ ಪದ್ಧತಿ ತಂದಿತು. ಆ ಎಲ್ಲೆಯೊಳಗೆ ತುಪ್ಪಳಕ್ಕಾಗಿ ಬೋನಿಡುವ ಹಕ್ಕು ನೋಂದಾಯಿಸಿಕೊಂಡವರಿಗೇ. ನೆಲದ ಒಡೆತನ ಮಾತ್ರ ಅವರದಲ್ಲ. ಉತ್ತರ ಕನ್ನಡದ ಸೊಪ್ಪಿನಬೆಟ್ಟ (ತೋಟದವರಿಗೆ ಸೊಪ್ಪು ಕಡಿಯುವ ಹಕ್ಕಿದ್ದು ಒಡೆತನವಿಲ್ಲದ ಕಾಡು) ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ‘ನೋಂದಾಯಿತ ಬೋನು ಪ್ರದೇಶ’ ಎನ್ನಿ, ‘ಸಾಲು’ ಬೇಡ. ‘ಹಿಡುವಳಿ’ಯೂ ಬೇಡ, ಒಡೆತನದ ವಾಸನೆ ಬರುತ್ತದೆ.

ಎರಡನೆಯದು ಬೋನು ನೋಡಿ ಬರುವ ಗಡುವು. ಇದನ್ನು ಎಲ್ಲ ಕಡೆಯೂ ‘ದಿನವೂ’ ಎಂದುಬಿಡುವ ರೂಢಿಯಿದೆ. ವಿಸ್ಕಾನ್ಸಿನ್‌ನಲ್ಲಿ ನೆಲದ ಮೇಲಿನ ಬೋನನ್ನು ದಿನಕ್ಕೊಮ್ಮೆ ನೋಡಬೇಕು, ಸಿಕ್ಕ ಪ್ರಾಣಿಯನ್ನು ನೀರಲ್ಲಿ ಮುಳುಗಿಸುವ ಬೋನಿಗೆ ನಾಲ್ಕು ದಿನದ ಅವಕಾಶ. ನ್ಯೂಯಾರ್ಕಿನ ದಕ್ಷಿಣ ವಲಯದಲ್ಲಿ 24 ಗಂಟೆಗೊಮ್ಮೆ, ಉತ್ತರ ವಲಯದ ಹಲವೆಡೆ 48, ಪೆನ್ಸಿಲ್ವೇನಿಯಾದಲ್ಲಿ 36. ಸೋಮವಾರ ಬೆಳಿಗ್ಗೆ ಏಳಕ್ಕೆ ನೋಡಿದವರು ಮಂಗಳವಾರ ಸಂಜೆ ಐದಕ್ಕೆ ಹೋದರೆ ‘ದಿನಕ್ಕೊಮ್ಮೆ’ ಪಾಲಿಸಿದಂತಾಯಿತು, 36 ಗಂಟೆಯ ಗಡುವೂ ಮೀರಲಿಲ್ಲ, ಆದರೆ ‘24 ಗಂಟೆ’ ಮೀರಿತು. ದಂಡ ಬೀಳುವುದು ಇಂಥಲ್ಲೇ. ಗಂಟೆ ಇದ್ದಲ್ಲಿ ಗಂಟೆ, ದಿನ ಇದ್ದಲ್ಲಿ ದಿನ ಎಂದೇ ಬರೆಯಬೇಕು.

ಕೊನೆಯದಾಗಿ ಮಸ್ಕ್‌ರ್ಯಾಟ್. ‘ಕಸ್ತೂರಿ ಇಲಿ’ ಎಂದು ಚಂದಕ್ಕೆ ಬರೆಯಬೇಡಿ. ಬ್ರಿಟಿಷರ ಕಾಲದ ಇಂಡಿಯಾದ ಇಂಗ್ಲಿಷಿನಲ್ಲಿ ಮಸ್ಕ್‌ರ್ಯಾಟ್ ಎಂದರೆ ನಮ್ಮ ಮನೆ ಮೂಲೆಯ ಸುಂಡಿಲಿ, ಅದು ಇಲಿಯ ಜಾತಿಯೇ ಅಲ್ಲ. ಅಮೆರಿಕದ್ದು ಕೆರೆ, ಜೌಗುಗಳಲ್ಲಿ ಜೊಂಡು ತಿಂದು ಬದುಕುವ ದಂಶಕ. ಮಿಂಕ್, ರಕೂನ್‌ಗಳ ಹಾಗೆ ಇದರ ಹೆಸರನ್ನೂ ಇದ್ದಂತೆಯೇ ಇಟ್ಟುಕೊಳ್ಳುವುದು ಮೇಲು.