ಪದಚರ್ಚೆ: ಬಿದ್ದ ಏಟನ್ನು ತಾನೇ ಒಪ್ಪಿಕೊಳ್ಳೋದಕ್ಕೆ ಒಂದು ಮಾತು ಬೇಕು

ಗೆಳೆಯರೆ,

ಒಂದು ಮಾತಿಗಾಗಿ ಒಂದು ತಿಂಗಳಿಂದ ಒದ್ದಾಡುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಹೊಳೆಯಬಹುದು ಅಂತ ಬರೆಯುತ್ತಿದ್ದೇನೆ. ಕಾಗದ ಸ್ವಲ್ಪ ಉದ್ದವಾಗುತ್ತದೆ. ಸಂದರ್ಭ ಹೇಳದೆ ಸುಮ್ನೆ ಪದ ಕೇಳಿದರೆ ನಿಘಂಟಿನ ಪದ ಸಿಗುತ್ತದೆ, ಬೇಕಾದ ಪದ ಸಿಗೋದಿಲ್ಲ.

ನಾನಿರೋದು ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರ. ನನ್ನ ಮಗಳು ಎರಡು ವರ್ಷದಿಂದ ಕವಚ ತೊಟ್ಟು ಕತ್ತಿ ಕಾಳಗ ಕಲಿಯುತ್ತಿದ್ದಾಳೆ. ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಅಂತ ಒಂದು ಸಂಘ ಇದೆ, ಎಲ್ಲರೂ ಎಸ್‌ಸಿಎ ಅಂತಾರೆ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಒಂದು ಮನೆಯ ಹಿತ್ತಲಲ್ಲಿ ಶುರುವಾದದ್ದು. ಹಳೆಯ ಯುರೋಪಿನ ಬಟ್ಟೆ, ಅಡುಗೆ, ಕುಣಿತ, ಕಾಳಗ ಎಲ್ಲವನ್ನೂ ಕೈಯಾರೆ ಮಾಡಿ ಕಲಿಯುವ ಜನ ಇವರು. ನಮ್ಮ ಊರಿನ ಉತ್ತರಕ್ಕೆ ಸ್ಲಿಪರಿ ರಾಕ್ ಅಂತ ಒಂದು ಊರಿದೆ. 1972ರಲ್ಲಿ ಶುರುವಾದ ಇವರ ಪೆನ್ಸಿಕ್ ಅನ್ನೋ ದೊಡ್ಡ ಜಾತ್ರೆ ಈಗ ಬೇಸಿಗೆಯಲ್ಲಿ ಅದರ ಹತ್ತಿರ ನಡೆಯುತ್ತದೆ. ಸುಮಾರು ಹತ್ತು ಸಾವಿರ ಜನ ಗುಡಾರ ಹಾಕಿಕೊಂಡು ಇರುತ್ತಾರೆ.

ನಮ್ಮ ಅಪ್ಪ ಮೈಸೂರಿನ ಗರಡಿಯಲ್ಲಿ ಬೆಳೆದವರು. ಮೊಮ್ಮಗಳು ಕಾಳಗ ಮಾಡುತ್ತಾಳೆ ಅಂತ ಅವರಿಗೆ ತುಂಬಾ ಖುಷಿ. ಈ ಆಗಸ್ಟಿಗೆ ಇಲ್ಲಿಗೆ ಬಂದು ಪೆನ್ಸಿಕ್ ನೋಡುತ್ತಾರೆ. ಅದಕ್ಕೆ ಮುಂಚೆ ಆಟದ ನಿಯಮ ಎಲ್ಲ ಕನ್ನಡದಲ್ಲಿ ಬರೆದು ಕಳಿಸು ಅಂದರು. ಕೂತು ಬರೆಯೋಕೆ ಶುರು ಮಾಡಿದೆ. ಎರಡನೇ ಪುಟದಲ್ಲೇ ಸಿಕ್ಕಿಬಿದ್ದೆ.

ಫೋನಲ್ಲಿ ಅಪ್ಪ ಮೊದಲು ಕೇಳಿದ್ದು, "ಸೋತದ್ದು ಯಾರು ಅಂತ ಹೇಳೋರು ಯಾರು?"

"ಏಟು ತಿಂದವರೇ ಹೇಳಬೇಕು ಅಪ್ಪ" ಅಂದೆ.

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಅದು ಹೆಂಗಾಗುತ್ತೆ?" ಅಂದರು.

ಆಗೋದು ಹೀಗೆ. ಕತ್ತಿ ಬೆತ್ತದ್ದು. ಒಂದೂಕಾಲು ಇಂಚಾದರೂ ದಪ್ಪ ಇರಬೇಕು, ಮೇಲೆ ಟೇಪು ಸುತ್ತಿರುತ್ತಾರೆ. ಬೆತ್ತವೇ ಯಾಕೆಂದರೆ, ಬೇರೆ ಮರದ ಹಾಗೆ ಅದು ಚೂಪಾಗಿ ಸೀಳಿ ಮುರಿಯೋದಿಲ್ಲ, ನಾರು ನಾರಾಗಿ ಕೆದರಿಕೊಳ್ಳುತ್ತದೆ. ತೋಳಿಗೆ ಏಟು ಬಿದ್ದರೆ ಆ ತೋಳು ಹೋಯಿತು ಅಂತ ಲೆಕ್ಕ, ಇನ್ನೊಂದು ಕೈಯಲ್ಲಿ ಹೋರಾಡಬೇಕು. ತೊಡೆಗೆ ಬಿದ್ದರೆ ಮಂಡಿಯೂರಿ ಹೋರಾಡಬೇಕು. ತಲೆಗೋ ಎದೆಗೋ ಬಿದ್ದರೆ ಸತ್ತ ಹಾಗೆ. ಮೊಣಕಾಲಿನ ಕೆಳಗೆ, ಮಣಿಕಟ್ಟಿನಿಂದಾಚೆ ಹೊಡೆಯುವಂತಿಲ್ಲ. (ತೊಡೆಗೆ ಹೊಡೆಯಬಹುದು ಅಂದದ್ದಕ್ಕೆ ಅಪ್ಪನಿಗೆ ತಕ್ಷಣ ನೆನಪಾದದ್ದು ಭೀಮ. "ಹಂಗಾದ್ರೆ ಅಲ್ಲಿ ಬಲರಾಮ ಸಿಟ್ಟು ಮಾಡ್ಕೊಳ್ತಾನೇ ಇರ್ಲಿಲ್ಲ" ಅಂದರು. ನಿಜ ಅಲ್ವಾ.) ಮಾರ್ಷಲ್‌ಗಳು ಪಕ್ಕದಲ್ಲೇ ನಿಂತಿರುತ್ತಾರೆ, ಆದರೆ ಅವರ ಕೆಲಸ ಯಾರಿಗೂ ಅಪಾಯ ಆಗದಂತೆ ನೋಡಿಕೊಳ್ಳೋದು. ಏಟು ಸರಿಯಾಗಿ ಬಿತ್ತೋ ಇಲ್ಲವೋ ಅಂತ ತೀರ್ಮಾನ ಮಾಡೋನು ಏಟು ತಿಂದವನು ಮಾತ್ರ.

ಕಣ್ಣಾರೆ ಕಂಡ ಒಂದು ಪಂದ್ಯ ಹೇಳುತ್ತೇನೆ. ಹೋದ ಅಕ್ಟೋಬರಿನಲ್ಲಿ ಪಾರ್ಕಿನಲ್ಲಿ ಅಭ್ಯಾಸ ನಡೆಯುತ್ತಿತ್ತು. ಮಗಳ ಎದುರಿಗಿದ್ದವನು ಅವಳಿಗಿಂತ ಒಂದೂವರೆ ಪಟ್ಟು ಅಗಲ. ನಾಲ್ಕೈದು ಸಲ ಗುರಾಣಿಗೆ ಗುರಾಣಿ ತಾಗಿತು. ಆಮೇಲೆ ಇವಳ ಕತ್ತಿ ಅವನ ಸೀಸಕದ, ಅಂದರೆ ತಲೆಗೆ ಹಾಕುವ ಉಕ್ಕಿನ ಕವಚದ, ಅಂಚಿಗೆ ಬಿತ್ತು. ಸದ್ದು ಕೂಡ ಜಾಸ್ತಿ ಬರಲಿಲ್ಲ. ಪಕ್ಕದಲ್ಲಿದ್ದ ಮಾರ್ಷಲ್‌ಗೂ ಕಾಣಲಿಲ್ಲ, ಅವನ ಬೆನ್ನು ಅಡ್ಡ ಇತ್ತು. ಮಗಳು ಆಗಲೇ ಮುಂದಿನ ಏಟಿಗೆ ಕೈ ಎತ್ತಿದ್ದಳು. ಆತ ಒಂದು ಹೆಜ್ಜೆ ಹಿಂದೆ ಹೋಗಿ "ಗುಡ್" ಅಂದ, ಹುಲ್ಲಿನ ಮೇಲೆ ಮಲಗಿಬಿಟ್ಟ. ಇವಳು "ಹಗುರ ಅನ್ನಿಸಿತಲ್ಲ ನನಗೆ" ಅಂದಳು. ಅವನು ಮಲಗಿದಲ್ಲಿಂದಲೇ "ಇಲ್ಲ, ಚೆನ್ನಾಗಿ ಬಿತ್ತು" ಅಂದ. ಅಷ್ಟೆ.

ಅವನು ಆ ಹೊತ್ತಿನಲ್ಲಿ ಮಾಡಿದ ಕೆಲಸಕ್ಕೆ ಇವರ ಇಂಗ್ಲಿಷಿನಲ್ಲಿ ಸಣ್ಣದೊಂದು ಮಾತಿದೆ, ಏಟನ್ನು "ಕಾಲ್" ಮಾಡೋದು ಅಂತಾರೆ. ಕನ್ನಡದಲ್ಲಿ ಏನು? ಇದೇ ನನ್ನ ಮೊದಲ ಪ್ರಶ್ನೆ.

"ಏಟು ಒಪ್ಪಿಕೊಳ್ಳೋದು" ಅಂತ ಬರೆದೆ. ತಪ್ಪು ಒಪ್ಪಿಕೊಂಡ ಹಾಗೆ ಕೇಳಿಸಿತು. ಅವನು ತಪ್ಪೇನೂ ಮಾಡಿಲ್ಲ. "ಏಟು ತಿನ್ನೋದು" ಅಂದರೆ ಹೊಡೆಸಿಕೊಂಡದ್ದಷ್ಟೇ ಬರುತ್ತದೆ, ಹೇಳಿದ್ದು ಬರೋದಿಲ್ಲ. "ಏಟು ಸಾರೋದು" ಅಂದರೆ ಡಂಗುರ ಹೊಡೆದ ಹಾಗಾಯಿತು. ನಡುಗನ್ನಡ ಕಾವ್ಯಗಳಲ್ಲಿ ಹೊಡೆತಕ್ಕೆ "ಹೊಯ್ಲು" ಅನ್ನೋ ಒಳ್ಳೆಯ ಪದ ಇದೆ. "ಪೊಯ್ ಸಳ" ಕತೆ ಕೇಳಿದವರಿಗೆಲ್ಲ ಅದರ ಬೇರು ಗೊತ್ತು. ಆದರೆ ಈಗ ಹೊಯ್ಯಿ ಅಂದರೆ ನಮ್ಮ ಕಡೆ ಚೊಂಬು ತಂದು ನೀರು ಹೊಯ್ಯುತ್ತಾರೆ.

ಹೇಳುವ ಮಾತಿನ ಮಟ್ಟಿಗೆ ಕನ್ನಡ ಚೆನ್ನಾಗಿ ಒದಗುತ್ತದೆ. ಇವರು ಜೋರಾಗಿ ಬಿದ್ದದ್ದಕ್ಕೆ "ಗುಡ್" ಅಂತಾರೆ, ಸಾಲದೇ ಹೋದರೆ "ಲೈಟ್" ಅಂತಾರೆ, ಕತ್ತಿಯ ಅಲಗಿನ ಬದಲು ಮಗ್ಗುಲು ಬಿದ್ದರೆ "ಫ್ಲ್ಯಾಟ್" ಅಂತಾರೆ. ನಮ್ಮಲ್ಲಿ ಏಟಿಗೆ ಹೊಂದುವ ಕ್ರಿಯಾಪದಗಳೇ ಈ ಕೆಲಸ ಮಾಡುತ್ತವೆ. "ಬಿತ್ತು" ಅಂದರೆ ಪೂರಾ ಬಿತ್ತು. "ತಾಗಿತು" ಅಂದರೆ ಮುಟ್ಟಿದ್ದು ನಿಜ, ತೂಕ ಇರಲಿಲ್ಲ. "ಸವರಿತು" ಅಂದರೆ ಪಕ್ಕದಿಂದ ಜಾರಿಕೊಂಡು ಹೋಯಿತು. ಯಾರೂ ಕಲಿಸಬೇಕಿಲ್ಲ, ನಾವೆಲ್ಲ ಹೀಗೇ ಮಾತಾಡುತ್ತೇವೆ. ಹಾಗಾಗಿ "ಗುಡ್" ಬದಲು "ಬಿತ್ತು" ಅಂತ ಬರೆದಿದ್ದೇನೆ. ನಿಮಗೆ ಸರಿ ಅನ್ನಿಸುತ್ತದಾ? ನನ್ನ ಹೆಂಡತಿಯ ತವರು ಕುಂದಾಪುರ. ಅಲ್ಲಿ ತಾಗು ಅನ್ನೋದಕ್ಕೆ ನಾನು ಹೇಳಿದಷ್ಟು ಹಗುರದ ಅರ್ಥ ಇಲ್ಲ ಅಂತಾಳೆ. ಕರಾವಳಿಯವರು ಹೇಳಬೇಕು.

ಬಿದ್ದರೂ ಒಪ್ಪದೆ ಆಡುತ್ತಲೇ ಇರುವವನಿಗೆ ಇವರು ರೈನೋ ಅಂತಾರೆ, ಅಂದರೆ ಘೇಂಡಾಮೃಗ. ಇದಕ್ಕೆ ನಮ್ಮ "ಎಮ್ಮೆ ಚರ್ಮ" ಇದೆಯಲ್ಲ ಅಂತ ಮೊದಲು ಖುಷಿಪಟ್ಟೆ. ಆದರೆ ಎಮ್ಮೆ ಚರ್ಮದವನು ಬೈಗುಳಕ್ಕೆ ಜಗ್ಗದವನು. ಏಟಿಗೆ ಜಗ್ಗದವನಿಗೆ ಆ ಮಾತು ಬಳಸಿದ್ದು ನಾನು ಕೇಳಿಲ್ಲ. ಲಗೋರಿ ಆಡುವಾಗ ಬೆನ್ನಿಗೆ ಚೆಂಡು ಬಿದ್ದ ಸದ್ದು ಬೀದಿಗೆಲ್ಲ ಕೇಳಿದರೂ "ತಾಗ್ಲೇ ಇಲ್ಲ ಕಣೋ" ಅನ್ನೋ ಹುಡುಗ ಒಬ್ಬ ಇರುತ್ತಿದ್ದನಲ್ಲ, ಅವನೇ ಇವನು. ಅವನಿಗೆ ನಿಮ್ಮ ಬೀದಿಯಲ್ಲಿ ಏನಂತಿದ್ದರು? ನಾವು "ಕಳ್ಳಾಟ" ಅಂತಿದ್ದೆವು, ಆದರೆ ಅದು ಎಲ್ಲ ಮೋಸಕ್ಕೂ ಸೇರಿದ ಮಾತು.

ಇನ್ನು ಕವಚದ ವಿಷಯ. ಇದರಲ್ಲಿ ನನಗೆ ಖುಷಿ ಜಾಸ್ತಿ, ತೊಂದರೆ ಕಡಿಮೆ. ಕವಚ ಅಂದರೆ ಕರ್ಣ ನೆನಪಾಗುತ್ತಾನೆ, ಇಲ್ಲವೇ ಬೆಳಿಗ್ಗೆ ಹೇಳಿಕೊಳ್ಳುವ ಸ್ತೋತ್ರ ನೆನಪಾಗುತ್ತದೆ. ಹಳೆಯ ಕನ್ನಡ ಮಾತು "ಜೋಡು", ತಲೆಯದಕ್ಕೆ "ಸೀಸಕ", ಗುರಾಣಿಗೆ "ಹರಿಗೆ". ಸೀಸಕ ಅನ್ನೋದನ್ನು ನಾನು ಉಳಿಸಿಕೊಂಡಿದ್ದೇನೆ. ಹೆಲ್ಮೆಟ್ ಅಂದರೆ ಅಪ್ಪನಿಗೆ ಸ್ಕೂಟರಿನದೇ ಕಣ್ಣಿಗೆ ಬರುತ್ತದೆ. ಇದು 16 ಗೇಜ್ ಉಕ್ಕು, 1.6 ಮಿಲಿಮೀಟರ್ ದಪ್ಪ, ಮುಖಕ್ಕೆ ಸರಳು. ಜೋಡು ಬಿಡಲೇಬೇಕಾಯಿತು. ಧಾರವಾಡದ ಕಡೆ ಜೋಡು ಹಾಕಿಕೊಂಡ ಅಂದರೆ ಚಪ್ಪಲಿ ಮೆಟ್ಟಿದ ಅಂತ.

ಕವಚದ ಒಳಗೆ ಇವರು ಗ್ಯಾಂಬಿಸನ್ ತೊಡುತ್ತಾರೆ. ಬಟ್ಟೆಯ ಪದರದ ಮೇಲೆ ಪದರ ಇಟ್ಟು ಸಾಲು ಸಾಲಾಗಿ ಹೊಲಿದ ದಪ್ಪ ಅಂಗಿ. ಮಗಳು ತನ್ನದನ್ನು ತಾನೇ ಹೊಲಿದುಕೊಂಡಳು. ಊಟದ ಮೇಜಿನ ಮೇಲೆ ಅದು ಹರಡಿಕೊಂಡಿದ್ದಾಗ ನನ್ನ ಬಾಯಿಂದ ತಾನಾಗೇ "ಇದು ಕೌದಿ ಅಲ್ವಾ" ಅಂತ ಬಂತು. ಹಳೇ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಅಜ್ಜಿ ಹಾಕುತ್ತಿದ್ದ ಅದೇ ಹೊಲಿಗೆ. ಆಗಿನಿಂದ ನಮ್ಮ ಮನೆಯಲ್ಲಿ ಅದು "ಕೌದಿಯಂಗಿ". ಉಕ್ಕಿನ ಬಳೆಗಳನ್ನು ಪೋಣಿಸಿದ ಅಂಗಿಗೆ, ಒಂದೊಂದು ಬಳೆಯೂ ಸುತ್ತಲಿನ ನಾಲ್ಕಕ್ಕೆ ಕೊಂಡಿ ಹಾಕಿಕೊಂಡಿರುತ್ತದೆ ಅಂತ, "ಕೊಂಡಿಯಂಗಿ" ಅಂದಿದ್ದೇನೆ. ಇವೆರಡರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಇಲ್ಲೊಂದು ವಿಶೇಷ ಇದೆ. ಮೈಮೇಲೆ ಏನೇ ತೊಟ್ಟಿದ್ದರೂ ಏಟಿನ ಲೆಕ್ಕಕ್ಕೆ ಎಲ್ಲರದೂ ಒಂದೇ ಕವಚ. ಎಲ್ಲರೂ ಕೌದಿಯಂಗಿಯ ಮೇಲೆ ಕೊಂಡಿಯಂಗಿ ತೊಟ್ಟು, ಮುಖ ತೆರೆದ, ಮೂಗಿಗೆ ಒಂದು ಪಟ್ಟಿ ಇಳಿಬಿಟ್ಟ ಸೀಸಕ ಹಾಕಿದ್ದಾರೆ ಅಂತ ಅಂದುಕೊಳ್ಳಬೇಕು. ಅಂಥ ಕವಚ ಇದ್ದೂ ಗಾಯ ಆಗುವಷ್ಟು ಏಟು ಬಿತ್ತಾ ಅಂತ ತನ್ನನ್ನೇ ಕೇಳಿಕೊಳ್ಳಬೇಕು. ದುಡ್ಡಿದ್ದವನು ಮೈತುಂಬ ಉಕ್ಕು ಹೊದ್ದು ಬಂದರೂ ಚರ್ಮದ ಕವಚ ಕಟ್ಟಿಕೊಂಡ ವಿದ್ಯಾರ್ಥಿಗಿಂತ ಒಂದು ಕೂದಲೆಳೆ ಹೆಚ್ಚು ಸಿಗೋದಿಲ್ಲ. ಇದನ್ನು "ಅಂದುಕೊಂಡ ಕವಚ" ಅಂತ ಬರೆದಿದ್ದೇನೆ. "ಕಲ್ಪಿತ ಕವಚ" ಅಂದರೆ ಇಲ್ಲದ್ದು ಅನ್ನಿಸುತ್ತದೆ. ಇದು ಇದೆ, ಎಲ್ಲರೂ ಸೇರಿ ಇಟ್ಟುಕೊಂಡದ್ದು.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಇವರು ದಿನಕ್ಕೆ ಹತ್ತು ಸಲ ಆಡುವ "ಆನರ್" ಅನ್ನೋ ಮಾತು.

ಗೌರವ, ಮರ್ಯಾದೆ, ಮಾನ. ಮೂರನ್ನೂ ಇಟ್ಟು ನೋಡಿದೆ. ಗೌರವ ಒಬ್ಬರು ಇನ್ನೊಬ್ಬರಿಗೆ ಕೊಡೋದು. ಮರ್ಯಾದೆ ಅನ್ನೋದಕ್ಕೆ ಮೊದಲು ಗಡಿ, ಎಲ್ಲೆ ಅನ್ನೋ ಅರ್ಥ ಇತ್ತು. ಅದು ಇಲ್ಲಿಗೆ ಹತ್ತಿರ ಬರುತ್ತದೆ. ಆದರೆ ಈಗ ಮರ್ಯಾದೆ ಹೋಗೋದು ನಾಲ್ಕು ಜನರ ಮುಂದೆ. ಮಾನವೂ ಹಾಗೇ. ಆ ದಿನ ಪಾರ್ಕಿನಲ್ಲಿ ನಾಲ್ಕು ಜನಕ್ಕೆ ಏನೂ ಕಂಡಿರಲಿಲ್ಲ. ಆತ ಸುಮ್ಮನಿದ್ದಿದ್ದರೆ ಅವನ ಮರ್ಯಾದೆಗೆ ಏನೂ ಆಗುತ್ತಿರಲಿಲ್ಲ.

ಹಳೆಯ ಮಾತುಗಳಲ್ಲಿ ಹುಡುಕಿದೆ. ಜೋಳದ ಪಾಳಿ, ವೇಳೆವಾಳಿ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ದೇವಸ್ಥಾನದ ಪಕ್ಕ ಕುವರ ಲಕ್ಷ್ಮನ ಗರುಡಗಂಬ ನೋಡಿದವರಿಗೆ ಆ ಮಾತಿನ ತೂಕ ಗೊತ್ತಿರುತ್ತದೆ. ಎರಡನೇ ವೀರಬಲ್ಲಾಳನಿಗಾಗಿ ಪ್ರಾಣ ಕೊಟ್ಟವನು ಅವನು. ಆದರೆ ಅದೆಲ್ಲ ಅನ್ನ ಹಾಕಿದ ಒಡೆಯನ ಕಡೆಗಿನ ಋಣ. ನನಗೆ ಬೇಕಾದದ್ದು ಎದುರಿಗೆ ಕತ್ತಿ ಹಿಡಿದು ನಿಂತವನ ಕಡೆಗೆ ಇರುವಂಥದ್ದು.

ನಮ್ಮಲ್ಲಿ ಈ ಮಾತು ಯಾಕೆ ಬೆಳೆದಿಲ್ಲ ಅಂತ ಯೋಚಿಸಿದರೆ ಒಂದು ಕಾರಣ ಹೊಳೆಯುತ್ತದೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಇಡೀ ಅಖಾಡಕ್ಕೆ ಕಾಣುತ್ತದೆ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿ ತಲೆಯಿಂದ ರಕ್ತ ಜಿನುಗಿದರೆ ಮುಗಿಯಿತು. ಯಾರನ್ನೂ ಕೇಳಬೇಕಿಲ್ಲ. ಈಗ ಯುರೋಪಿನಲ್ಲಿ ಮೊಂಡು ಮಾಡಿದ ಉಕ್ಕಿನ ಕತ್ತಿಯಲ್ಲೇ ಗುಂಪು ಕಾಳಗ ಆಡುವವರಿದ್ದಾರೆ, ಬುಹುರ್ಟ್ ಅಂತಾರೆ. ಅದರ ಬ್ಯಾಟಲ್ ಆಫ್ ದ ನೇಷನ್ಸ್ ಅನ್ನೋ ಪಂದ್ಯಾವಳಿ 2010ರಲ್ಲಿ ಯುಕ್ರೇನಿನ ಖೋತಿನ್ ಕೋಟೆಯಲ್ಲಿ ನಡೆಯಿತು. ಅಲ್ಲೂ ಕುಸ್ತಿಯ ಹಾಗೇ, ಉರುಳಿ ನೆಲಕ್ಕೆ ಬಿದ್ದವನು ಔಟ್, ರೆಫರಿ ಹೇಳುತ್ತಾನೆ. ಎಸ್‌ಸಿಎ ಕಾಳಗದಲ್ಲಿ ಸಾಕ್ಷಿ ಇರೋದು ಸೀಸಕದ ಒಳಗೆ.

ಹಾಗಾಗಿ ಸದ್ಯಕ್ಕೆ ನಾನು ನಿಂತಿರೋದು "ನಿಯತ್ತು" ಅನ್ನೋ ಪದದ ಮೇಲೆ. ಅರಬ್ಬಿಯ ನಿಯ್ಯತ್ ಅಂದರೆ ಮನಸ್ಸಿನ ಉದ್ದೇಶ. ಅದು ಒಳಗಿನದು, ಯಾರು ನೋಡಿದರೂ ನೋಡದಿದ್ದರೂ ಇರುವಂಥದ್ದು. "ನಿಯತ್ತಿನ ಮನುಷ್ಯ" ಅಂದರೆ ಪಾರ್ಕಿನ ಆ ಅಗಲ ಎದೆಯವನು ಸರಿಯಾಗಿ ಕಣ್ಣಿಗೆ ಕಟ್ಟುತ್ತಾನೆ. ಒಂದೇ ಅಳುಕು. ನಾಯಿಗಿರೋ ನಿಯತ್ತು ಅಂತಾರಲ್ಲ, ಅಲ್ಲಿ ಮತ್ತೆ ಒಡೆಯ ಬಂದುಬಿಡುತ್ತಾನೆ. ನಿಮ್ಮ ಕಿವಿಗೆ ಯಾವ ಅರ್ಥ ಮೊದಲು ಕೇಳಿಸುತ್ತದೆ?

ಇನ್ನೊಂದು ಸಂಪ್ರದಾಯ ಇದೆ. ಎದುರಿನವನು ತೊಡೆಗೆ ಏಟು ಬಿದ್ದು ಮಂಡಿಯೂರಿದರೆ, ಕೆಲವರು ತಾವೂ ಮಂಡಿಯೂರಿಬಿಡುತ್ತಾರೆ. ಅವನ ಬಲಗೈ ಹೋದರೆ ತಾವೂ ಒಂದು ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ನಿಯಮ ಹಾಗೆ ಹೇಳೋದಿಲ್ಲ, ಅವರಾಗೇ ಮಾಡೋದು. ಇದಕ್ಕೆ "ಬಿಟ್ಟುಕೊಡೋದು" ಅಂತ ಬರೆದೆ, ಚೆನ್ನಾಗಿ ಕೂತಿತು. ಫೇರ್ ಪ್ಲೇಗೆ ಪೇಪರಿನವರು ಬರೆಯುವ "ಕ್ರೀಡಾ ಮನೋಭಾವ"ಕ್ಕಿಂತ ಇದೇ ಹತ್ತಿರ ಅಂತ ನನಗೆ ಅನ್ನಿಸುತ್ತದೆ.

ಕೊನೆಯದಾಗಿ, ಪಂದ್ಯಕ್ಕೆ ಮುಂಚೆ ಎದುರಾಳಿಗೆ ವಂದನೆ ಮಾಡಬೇಕು. ಎದುರಾಳಿ ಒಳ್ಳೆಯ ಪದವೇ, ಎದುರು ನಿಂತ ಆಳು. ಆದರೆ ಅಪ್ಪ ಅದನ್ನು ಒಪ್ಪಲಿಲ್ಲ. "ನಮ್ಮಲ್ಲಿ ಜೋಡಿ ಅಂತೀವಿ" ಅಂದರು. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರಲ್ಲ, ತೂಕ, ವಯಸ್ಸು, ಪಟ್ಟು ನೋಡಿ. ನಿನ್ನ ಜೋಡಿ ಯಾರು ಅಂದರೆ ನಿನ್ನ ಎದುರು ಇಳಿಯೋನು ಯಾರು ಅಂತ. ಅಷ್ಟು ವರ್ಷ ಆ ಮಾತು ಕೇಳಿಯೂ ನನ್ನ ತಲೆಗೆ ಹೋಗಿರಲಿಲ್ಲ. ಬರೆದಿದ್ದ ಎದುರಾಳಿಗಳನ್ನೆಲ್ಲ ಅಳಿಸಿ ಜೋಡಿ ಮಾಡಿದೆ.

ಅದೇ ಗರಡಿಯಲ್ಲಿ, ಅಥವಾ ನಿಮ್ಮೂರಿನ ಚಿನ್ನಿದಾಂಡು, ಲಗೋರಿ, ಕಬಡ್ಡಿಯಲ್ಲಿ, ಯಾರೂ ನೋಡದಿದ್ದರೂ "ನಾನು ಔಟು" ಅಂತ ತಾನೇ ಹೇಳಿ ಹೊರಗೆ ಬರೋದಕ್ಕೆ ಒಂದು ಮಾತು ಇದ್ದಿರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಊರು, ಆಟ, ಸುಮಾರು ಯಾವ ವರ್ಷದ ಮಾತು ಅಂತ ಸೇರಿಸಿ ಬರೆಯಿರಿ. ಜುಲೈ ಕೊನೆಯೊಳಗೆ ಸಿಕ್ಕರೆ ಅಪ್ಪನ ಪುಟಗಳಲ್ಲಿ ಸೇರಿಸಿಬಿಡುತ್ತೇನೆ. ಅಲ್ಲಿಯವರೆಗೆ ಆ ಜಾಗ ಖಾಲಿ ಬಿಟ್ಟಿದ್ದೇನೆ.